ಹಾಲ್ಟಿನ ಆಚೆ ಬದಿ

ಚರಿತ್ರೆ ಬರೆಯುತ್ತೇನೆಂದು ಬರುವವರನ್ನು ಮೈರ್ ಪ್ರೋಬರ್ಟ್ ನಂಬುತ್ತಿರಲಿಲ್ಲ. ಅಂಥವರು ಕಾಲಿಡುವುದೇ ಮನೆಮನೆಯ ಹೊಲಸು ಕೆದಕುವುದಕ್ಕೆ ಎಂಬುದು ಎಪ್ಪತ್ತೊಂದು ದಾಟಿದ ಆಕೆಯ ಗಟ್ಟಿ ಅಭಿಪ್ರಾಯ. ನಿವೃತ್ತ ಮೇಷ್ಟ್ರು ಹೇಡನ್ ಮೆರಿಕ್ ನೋಟ್‌ಬುಕ್ ಹಿಡಿದು ಬಂದಾಗ ಮರ್ಯಾದೆಗೆ ಚಹಾ ಕೊಟ್ಟಳು. ಡಬ್ಬಿಯಲ್ಲಿದ್ದ ಒಣದ್ರಾಕ್ಷಿ ಕೇಕ್ ಮಾತ್ರ ಹೊರಗೆ ತೆಗೆಯಲಿಲ್ಲ.

"ನಂದು ಬರೀ ಗಣಿ ರೈಲು ನಿಲ್ತಿದ್ದ ಆ ಹಾಲ್ಟ್ ಕಥೆ, ಮಿಸೆಸ್ ಪ್ರೋಬರ್ಟ್. ಗಣಿ ಮುಚ್ಚಿ ಹದಿಮೂರು ವರ್ಷ ಆಯ್ತು, ಅಲ್ಲೆಲ್ಲ ಮುಳ್ಳು ಬೆಳೆದಿದೆ. ಗೊತ್ತಿರೋರು ಹೋಗ್ಬಿಟ್ರೆ ಮುಗೀತು."

"ಅದರಲ್ಲೇನ್ರೀ ಕಥೆ? ಹಲಗೆ ಹಾಸಿದ ಕಟ್ಟೆ, ಒಂದು ಲಾಟೀನು. ವೇಳಾಪಟ್ಟೀಲಿ ಹೆಸರೂ ಇರ್ಲಿಲ್ಲ. ಗಣಿಯೋರ ರೈಲು ಬಿಟ್ರೆ ಇನ್ಯಾವುದೂ ನಿಲ್ತಿರ್ಲಿಲ್ಲ. ಬೆಳಿಗ್ಗೆ ಬೆಳ್ಳಗೆ ಹತ್ತೋರು, ಸಂಜೆ ಕರ್ರಗೆ ಇಳಿಯೋರು. ಬರ್ಕೊಂಡ್ರಾ?"

ಮೇಷ್ಟ್ರು ನಕ್ಕರು. "ಕಟ್ಟೆ ಇದ್ದದ್ದು ಊರಿನ ಕಡೆ ಮಾತ್ರ ತಾನೆ? ಹಂಗಾದ್ರೆ ಆಚೆ ಬದೀಲಿ, ಹಳ್ಳದ ಕಡೆ, ಮೆಟ್ಟಿಲು ಯಾಕೆ? ನಿನ್ನೆ ಮುಳ್ಳು ಕಡಿಯುವಾಗ ಸಿಕ್ತು. ಹಳಿ ಕೆಳಗೆ ಹಾಕೋ ಹಳೇ ಸ್ಲೀಪರ್ ದಿಮ್ಮಿ ಕೊಯ್ದು ಕೂರಿಸಿರೋ ಐದು ಮೆಟ್ಟಿಲು."

ಇವನಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೇ ಬಾಯಿ ಬಿಡಿಸುತ್ತಿದ್ದಾನೆ ಎಂದು ಮೈರ್‌ಗೆ ಅನಿಸಿತು.

"ನೆಸ್ಟಾ ಕಳಿಸಿದ್ಳಾ ನಿಮ್ಮನ್ನ?"

"ಯಾವ ನೆಸ್ಟಾ?"

ಆ ಮುಖದಲ್ಲಿ ಕಪಟವಿರಲಿಲ್ಲ. ಆದರೆ ಬಾಯಿಂದ ಬಿದ್ದದ್ದನ್ನು ಎತ್ತಿಕೊಳ್ಳುವುದು ಹೇಗೆ? ಮೇಷ್ಟ್ರು ಪೆನ್ನು ಕೆಳಗಿಟ್ಟು ಕಾದರು. ಐವತ್ತು ವರ್ಷದ ಭಾರ ಅಷ್ಟರಲ್ಲೇ ಜಾರಿತು, ಮೈರ್ ಹೇಳತೊಡಗಿದಳು.

ಸಾವಿರದ ಒಂಬೈನೂರ ಇಪ್ಪತ್ತಾರನೇ ಇಸವಿ, ಗಣಿ ಮುಷ್ಕರದ ಏಳನೇ ತಿಂಗಳು. ಹೊರಗಿನಿಂದ ಕರೆತಂದ ಆಳುಗಳನ್ನು ಹೊತ್ತ ರೈಲು ಸಂಜೆ ಹಾಲ್ಟಿನಲ್ಲಿ ನಿಂತರೆ, ಹೆಂಗಸರು ಬಾಣಲೆ ಬಡಿಯುತ್ತ ಕಾಯುತ್ತಿದ್ದರು. ಊರಿನವನು ಯಾವನಾದರೂ ಇಳಿದರೆ ಅವನು ಮುಷ್ಕರ ಮುರಿದ ದ್ರೋಹಿ. ಅವನ ಬಾಗಿಲಲ್ಲಿ ಕೋಲಿಗೆ ಬಿಳಿ ಅಂಗಿ ಕಟ್ಟಿ ನಿಲ್ಲಿಸುವುದು ವಾಡಿಕೆ. ಅವತ್ತು ಇಳಿದವನು ಇದೇ ಬೀದಿಯ ಇಡ್ವಾಲ್ ಪ್ರಾಸರ್. ಹೆಂಡತಿ ಕೆಳಗಿನ ಊರಿನ ಆಸ್ಪತ್ರೆಯಲ್ಲಿದ್ದಳು, ಅವಳನ್ನು ನೋಡಿ ಬರುತ್ತಿದ್ದವನನ್ನು ಆ ರೈಲಿನ ಗಾರ್ಡ್ ಆಗಿದ್ದ ಭಾವಮೈದ ಕನಿಕರಪಟ್ಟು ಹತ್ತಿಸಿಕೊಂಡಿದ್ದ. ಅವನ ಮುಖ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಗಣಿಯಲ್ಲಿ ಸ್ನಾನದ ಮನೆಯೇ ಇಲ್ಲದ ಕಾಲ, ದುಡಿದವನು ಬೆಳ್ಳಗೆ ಇಳಿಯುವುದುಂಟೇ? ಅನುಮಾನ ತಲೆಗೇರಿದವರಿಗೆ ಅದೂ ಸಾಕ್ಷಿಯಾಯಿತು: ತೊಳ್ಕೊಂಡು ಬಂದಿದಾನೆ, ಕಳ್ಳ!

ಅಂಗಿ ಕಟ್ಟಿದವನು ಮೈರ್‌ಳ ಗಂಡ ಟ್ಯೂಡರ್. ಮನೆಗೆ ಬಂದು ಕೋಟು ಬಿಚ್ಚಿದಾಗ ಅವನ ರೆಪ್ಪೆಗಳ ಬುಡದಲ್ಲಿ ಕಲ್ಲಿದ್ದಲ ಪುಡಿ ಕಂಡಿತು. ಕದ್ದು ಗಣಿಗೆ ದುಡಿಯಲು ಹೋದವನು ರೈಲಿನ ಆಚೆ ಬದಿಗೆ ಇಳಿದು ಹಳ್ಳದಲ್ಲಿ ಮುಖ ತೊಳೆದಿದ್ದ; ಹಳ್ಳದ ನೀರಿಗೆ ಅಷ್ಟು ಬೇಗ ಹೋಗುವ ಕಪ್ಪಲ್ಲ ಅದು. ಅವಳಾಗ ಆರು ತಿಂಗಳ ಬಸುರಿ, ಮನೆಯಲ್ಲಿ ರೊಟ್ಟಿಯಿರಲಿಲ್ಲ. ಅವಳು ಬಿಸಿನೀರು ತಂದು ಅವನ ರೆಪ್ಪೆ ಒರೆಸಿದಳು, ಬಾಯಿಗೆ ಬೀಗ ಹಾಕಿಕೊಂಡಳು. ಊರು ಇಡ್ವಾಲನನ್ನು ನೋಡುತ್ತಿರುವವರೆಗೆ ಟ್ಯೂಡರ್‌ನನ್ನು ನೋಡುವುದಿಲ್ಲವಲ್ಲ! ಮುಂದೆ ಇಡ್ವಾಲ್ ಸತ್ತಾಗ ಅವನ ಶವದ ಹಿಂದೆ ಒಬ್ಬರೂ ನಡೆಯಲಿಲ್ಲ. ಅವನ ಮಗಳು ನೆಸ್ಟಾ ಇವತ್ತಿಗೂ ಚಾಪೆಲ್ ಬೆಂಚಿನಲ್ಲಿ ಒಬ್ಬಳೇ ಕೂರುತ್ತಾಳೆ.

"ಆ ಮೆಟ್ಟಿಲು ನನ್ನ ಗಂಡ ಮಾಡಿದ್ದು. ಬರ್ಕೊಳ್ಳಿ."

ಮೇಷ್ಟ್ರು ಬರೆದುಕೊಳ್ಳಲಿಲ್ಲ. ಮಕ್ಕಳ ಸುಳ್ಳು ಹಿಡಿದು ಹಿಡಿದು ಪಳಗಿದ ಕಣ್ಣು ಕಿರಿದು ಮಾಡಿ ನೋಡಿದರು.

"ಟ್ಯೂಡರ್ ಪ್ರೋಬರ್ಟಾ? ಗಣಿ ಕಾರ್ಮಿಕರ ಸಂಘದ ಹಾಲ್‌ನಲ್ಲಿ ಫೋಟೋ ಇದೆಯಲ್ಲ, ಅವರಾ? ಪಾಪ, ಆ ನೆಸ್ಟಾ ಮೇಲಿನ ಕನಿಕರಕ್ಕೆ ಸತ್ತ ಗಂಡನ ಮೇಲೆ ತಪ್ಪು ಹೊರಿಸ್ತಿದೀರಿ. ಇದನ್ನ ಯಾರೂ ನಂಬಲ್ಲ, ಮಿಸೆಸ್ ಪ್ರೋಬರ್ಟ್."

ಮೈರ್‌ಗೆ ಮೈಯೆಲ್ಲ ಉರಿಯಿತು. ಸುಳ್ಳನ್ನು ಒಂದೇ ಸಂಜೆಯಲ್ಲಿ ನುಂಗಿದ ಊರಿಗೆ ನಿಜ ಗಂಟಲಲ್ಲಿ ಇಳಿಯದೇ? ಶಾಲು ಹೊದ್ದು, ಮೇಷ್ಟ್ರನ್ನು ಅಲ್ಲೇ ಬಿಟ್ಟು, ನಾಲ್ಕು ಮನೆ ದಾಟಿ ನೆಸ್ಟಾಳ ಬಾಗಿಲು ತಟ್ಟಿದಳು.

ಸರಪಳಿ ಹಾಕಿದ್ದ ಬಾಗಿಲು ನಾಲ್ಕು ಬೆರಳು ತೆರೆಯಿತು. "ಏನು ಬೇಕಿತ್ತು?"

"ನೆಸ್ಟಾ, ಹಳ್ಳದ ಕಡೆ ಮೆಟ್ಟಿಲು..."

"ಟ್ಯೂಡರ್ ಮಾಡಿದ್ದು. ಗೊತ್ತು."

"ಯಾವಾಗಿಂದ?"

"ಅವತ್ತಿಂದ. ಅವನು ಆಚೆ ಇಳಿಯೋದನ್ನ ಅಪ್ಪ ಗಾರ್ಡ್ ಡಬ್ಬೀಲಿ ನಿಂತು ನೋಡಿದ್ದ. ಹೇಳ್ಬಿಡಪ್ಪಾ ಅಂತ ನಾನು ಅತ್ಬಿಟ್ಟೆ, ಎಂಟು ವರ್ಷದೋಳು. ಮೈರ್ ಬಸುರಿ ಕಣೇ, ಅವಳ ಬಾಗಿಲಿಗೆ ಅಂಗಿ ಕಟ್ಟಿದ್ರೆ ಮಗು ಉಳಿಯಲ್ಲ ಅಂದ."

"ನಿಮ್ಮಪ್ಪ ಹೋದ್ಮೇಲಾದ್ರೂ ನೀನು ಹೇಳ್ಬಹುದಿತ್ತಲ್ಲೇ!"

"ನೀವು ಹೇಳ್ತೀರಿ ಅಂತ ಕಾಯ್ತಿದ್ದೆ." ನೆಸ್ಟಾ ದನಿ ಏರಲಿಲ್ಲ. "ಈಗ ನಂಗೆ ಯಾಕೆ ಹೇಳ್ತೀರಿ? ಗೊತ್ತಿಲ್ದೋರಿಗೆ ಹೇಳಿ."

ಬಾಗಿಲು ಮುಚ್ಚಿತು. ಎದುರು ಮನೆಯ ಡಿಲಿಸ್ ಮಂಡಿಯೂರಿ ಹೊಸ್ತಿಲು ತಿಕ್ಕುತ್ತಿದ್ದವಳು ಕೈ ನಿಲ್ಲಿಸಿ ಇತ್ತಲೇ ನೋಡುತ್ತಿದ್ದಳು.

"ಡಿಲಿಸ್, ಎದ್ದು ಬಾರೇ ಇಲ್ಲಿ," ಎಂದು ಮೈರ್ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ನನ್ನ ಗಂಡನ ವಿಷಯ ಒಂದು ಹೇಳೋದಿದೆ."