ಬರೆದ ಕಣ್ಣು

ಸೊಲ್ಲಾಪುರದ ಬಟ್ಟೆ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿ, ಗಜಕಡ್ಡಿ ಹಿಡಿಯಬೇಕಾದ ಕೈಯಲ್ಲಿ ಕ್ಯಾಮೆರಾ ಹಿಡಿದವನು ಸಾತಲಿಂಗಪ್ಪ. ಅಣ್ಣಂದಿರು ಚಾದರ ಮಾರಿ ಮಾಳಿಗೆಯ ಮೇಲೆ ಮಾಳಿಗೆ ಕಟ್ಟಿದರೆ, ಇವನು ಹೆಣದ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತಿದ್ದ. ನಗುವ ಮಾತಲ್ಲ. ಆ ಕಡೆಯ ಲಿಂಗಾಯತರು ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಕಂಬಕ್ಕೋ ಗೋಡೆಗೋ ಒರಗಿಸಿ ಕೂಡಿಸುತ್ತಾರೆ. ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳಲು ಪುರುಸೊತ್ತಿಲ್ಲದವರಿಗೆ ಅದೇ ಮೊದಲನೆಯದು, ಅದೇ ಕೊನೆಯದು. ಆದರೆ ಮುಚ್ಚಿದ ಕಣ್ಣಿನ ಫೋಟೋವನ್ನು ಗೋಡೆಗೆ ಹಾಕಲು ಯಾರಿಗೆ ಮನಸ್ಸು ಬಂದೀತು? ಸಾತಲಿಂಗಪ್ಪ ಸಣ್ಣ ಕುಂಚ ಹಿಡಿದು ಆ ರೆಪ್ಪೆಗಳ ಮೇಲೆ ಕಣ್ಣು ಬರೆದು ಕೊಡುತ್ತಿದ್ದ. ಅಕ್ಕಲಕೋಟ ತಾಲೂಕಿನಲ್ಲಿ ಅವನ ಕಣ್ಣು ಇಲ್ಲದ ಮನೆಯನ್ನು ಹುಡುಕಿಯೇ ತೆಗೆಯಬೇಕಿತ್ತು.

ಅಂಥವನಿಗೆ ಎಪ್ಪತ್ಮೂರರ ಚಳಿಗಾಲದಲ್ಲಿ ಸಿನಿಮಾದವರ ಕರೆ ಬಂತು. ಮುಂಬೈಯ ಒಂದು ಕಂಪನಿ ಕುರನೂರಿನ ಪಾಟೀಲರ ವಾಡೆಯಲ್ಲಿ, ಆ ಹಳೆಯ ದೊಡ್ಡಮನೆಯಲ್ಲಿ, ದೆವ್ವದ ಚಿತ್ರ ತೆಗೆಯುತ್ತಿತ್ತು. ಶೂಟಿಂಗ್ ನಡೆಯುವಾಗ ಪರದೆಯ ಹಿಂದೆ ಏನೇನಾಗುತ್ತದೆಯೋ ಅದರ ಫೋಟೋ ಬೇಕು, ಪತ್ರಿಕೆಗಳಿಗೆ ಕೊಡಬೇಕು ಎಂದರು. ಸಾತಲಿಂಗಪ್ಪ ಎಸ್.ಟಿ. ಬಸ್ಸು ಹತ್ತಿ ಹೋದ. ದೆವ್ವದ ವೇಷದ ನಟಿ ಕೋರೆಹಲ್ಲು ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡು ಶೇಂಗಾ ಚಟ್ನಿ ಹಚ್ಚಿದ ಕಡಕ್ ರೊಟ್ಟಿ ಕಡಿಯುತ್ತಿದ್ದಳು. ಬೇವಿನ ಮರಕ್ಕೆ ತೂಗುಬಿಟ್ಟ ಅಸ್ಥಿಪಂಜರದ ಹೆಗಲ ಮೇಲೆ ಲೈಟಿನವನು ತನ್ನ ಒದ್ದೆ ಬನಿಯನ್ ಒಣಹಾಕಿದ್ದ. ಹೆದರಿಸುವವರ ಬೆನ್ನ ಹಿಂದೆ ಹೋಗಿ ನಿಂತರೆ ಹೆದರಿಕೆ ಎಲ್ಲಿ ಉಳಿಯುತ್ತದೆ? ಸಾತಲಿಂಗಪ್ಪನಿಗೆ ಖುಷಿಯೋ ಖುಷಿ. ಅವನ ಕ್ಯಾಮೆರಾದ ಮುಂದೆ ಜನ ತಾವಾಗಿಯೇ ಕಣ್ಣು ಬಿಟ್ಟು ನಕ್ಕದ್ದು ಅಪರೂಪ.

ಕಥೆಯಲ್ಲಿ ಮನೆಯ ಹಿರಿಯಳು ಸತ್ತು ಪಡಸಾಲೆಯಲ್ಲಿ ಕೂತಿರುವ ಒಂದು ದೃಶ್ಯವಿತ್ತು. ಅದಕ್ಕೆಂದು ಮುಂಬೈಯಿಂದ ಬಂದ ಮುದುಕಿ ನಟಿ, ಹೆಣವಾಗಿ ಕೂಡುವುದು ಅಪಶಕುನ ಎಂದು ಹಟ ಹಿಡಿದು ಮೂಲೆಗೆ ಕೂತಳು. ಡೈರೆಕ್ಟರ್ ತಲೆ ಮೇಲೆ ಕೈ ಹೊತ್ತು ಕೂತ. ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವಳು ವಾಡೆಯ ಯಜಮಾನಿ ಗುರುಲಿಂಗಮ್ಮ. ಗಂಡ ತೀರಿದ ಮೇಲೆ ಹೊಲ, ಎತ್ತು, ಆಳು ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ಗಟ್ಟಿ ಹೆಂಗಸು, ಯಾವುದಕ್ಕೂ ಅಂಜಿದವಳಲ್ಲ.

"ಅಕಿಗ್ಯಾಕ ತ್ರಾಸ ಕೊಡ್ತೀರಿ? ನಾ ಕುಂಡ್ರತೀನಿ" ಎಂದಳು. "ಒಂದಿನ ಇದ ಕಂಬಕ್ಕ ಕುಂಡ್ರೂದ ಐತಲ್ಲ. ಹ್ಯಾಂಗ ಕಾಣ್ತೀನಂತ ಈಗ ನೋಡ್ಕೋತೀನಿ."

ಸೊಸೆ ಪಾರ್ವತಿಬಾಯಿ ಗಾಬರಿಯಾದಳು. "ಅತ್ತೀರ, ಇಂಥಾದ್ದೆಲ್ಲ ಆಟಕ್ಕ ಮಾಡಬಾರದ್ರಿ."

"ಸುಮ್ಮನಿರ. ಸಿನಿಮಾದಾಗ ಸತ್ರ ಯಾರೂ ಸಾಯೂದಿಲ್ಲ."

ಎಲ್ಲ ಅಸಲಿಯಾಗಿ ಕಾಣಬೇಕೆಂದು ಡೈರೆಕ್ಟರ್ ಸತ್ತವರ ಕ್ರಿಯೆ ಮಾಡಿಸುವ ಊರಿನ ಅಯ್ಯನವರಾದ ಬಸಯ್ಯನನ್ನೇ ಕರೆಸಿದ. ಯಾವಾಗಲೂ ಹೇಗೆ ಮಾಡುತ್ತೀರೋ ಹಾಗೇ ಮಾಡಿ ಎಂದು ಹಿಂದಿಯಲ್ಲಿ ಹೇಳಿದ. ಎಡವಟ್ಟಾದದ್ದು ಅಲ್ಲೇ. ಬಸಯ್ಯನಿಗೆ ಗೊತ್ತಿದ್ದದ್ದು ಒಂದೇ ರೀತಿ. ಅವನು ಗುರುಲಿಂಗಮ್ಮನ ಕೈಗಳನ್ನು ಮಡಿಲಲ್ಲಿ ಜೋಡಿಸಿ ಬಟ್ಟೆಯಿಂದ ಕಟ್ಟಿದ, ಹಣೆಗೆ ವಿಭೂತಿ ಹಚ್ಚಿದ, ಕೊರಳಿಗೆ ಹಾರ ಹಾಕಿದ, ಬಲಗಾಲನ್ನು ಅವಳ ನೆತ್ತಿಗೆ ಮುಟ್ಟಿಸಿ ಮಂತ್ರ ಶುರು ಮಾಡಿದ. ನಡುವೆ ಡೈರೆಕ್ಟರ್ "ಕಟ್" ಎಂದು ಕೂಗಿದ. ಅರ್ಧಕ್ಕೆ ಮಂತ್ರ ನಿಲ್ಲಿಸಿದ ಅಯ್ಯನವರನ್ನು ಯಾರಾದರೂ ಕಂಡಿದ್ದಾರೆಯೇ? ಲೈಟು ಆರಿದವು, ಹುಡುಗರು ವೈರು ಸುತ್ತಿದರು, ಬಸಯ್ಯ ಮಾತ್ರ ಕೊನೆಯ ಅಕ್ಷರದವರೆಗೆ ಹೇಳಿಯೇ ಕಾಲು ತೆಗೆದ. ಅಷ್ಟರಲ್ಲಿ ಮನೆಯ ಹೆಂಗಸರ ಕಿಸಕಿಸ ನಗು ನಿಂತುಹೋಗಿತ್ತು. ಪಾರ್ವತಿಬಾಯಿಯ ಕಣ್ಣಲ್ಲಿ ನಿಜವಾದ ನೀರು ಇಳಿಯುತ್ತಿತ್ತು.

"ಮುಗೀತೇನ್ರೋ? ಒಂದೀಟು ಚಾ ಕೊಡ್ರಿ" ಎಂದಳು ಗುರುಲಿಂಗಮ್ಮ.

ಮನೆಯವರು ಒಬ್ಬರೂ ಅಲುಗಲಿಲ್ಲ. ಕೊನೆಗೆ ಆ ದೆವ್ವದ ವೇಷದ ನಟಿಯೇ ಕಪ್ಪಿನ ಕೆಳಗಿನ ಬಸಿಯಲ್ಲಿ ಚಹಾ ಸುರುವಿಕೊಂಡು ಬಂದು, ಕೈ ಕಟ್ಟಿಸಿಕೊಂಡು ಕೂತವಳ ತುಟಿಗೆ ಹಿಡಿದಳು. "ದೆವ್ವದ ಕೈಲೆ ಚಾ ಕುಡಿಯೂ ಕಾಲ ಬಂತಲ್ಲೋ!" ಎಂದು ಮುದುಕಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಸಾತಲಿಂಗಪ್ಪ ಆಗ ಕ್ಲಿಕ್ ಮಾಡಿದ.

ಬೇಸಗೆಯ ಹೊತ್ತಿಗೆ ಗುರುಲಿಂಗಮ್ಮ ಒಬ್ಬಳೇ ಸೊಲ್ಲಾಪುರಕ್ಕೆ ಬಂದು ಅವನ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತಳು. ಅರ್ಧ ಇಳಿದುಹೋಗಿದ್ದಳು.

"ತಮ್ಮಾ, ಅವತ್ತ ನಾ ಚಾ ಕುಡಿಯೂದು ತಗದಿದ್ದಿಯಲ್ಲ, ಆ ಫೋಟೋ ಬೇಕು."

"ಕೊಡೂಣ್ರಿ ಆಯಿ. ಏನಾತ್ರಿ?"

"ಯಾರೂ ಬಾಯಿ ಬಿಟ್ಟು ಏನೂ ಅನ್ನೂದಿಲ್ಲ. ಆದ್ರ ಸೊಸಿ ನನ್ನ ಮಾರಿ ನೋಡಿ ಮಾತಾಡೂದ ಬಿಟ್ಟಾಳ. ದಿನಾ ಸಂಜಿಮುಂದ ಆ ಕಂಬದ ಬುಡಕ ದೀಪಾ ಹಚ್ತಾಳ. ನಾ ಆರಸ್ತೀನಿ, ಅಕಿ ಮತ್ತ ಹಚ್ತಾಳ. ಮೊಮ್ಮಕ್ಕಳು ನನ್ನ ಮಗ್ಗಲಕ ಮಲಗಾಕ ಒಲ್ಲೆ ಅಂತಾವ. ಅಯ್ಯನೋರನ್ನ ಕೇಳಿದ್ರ, 'ಕ್ರಿಯಾ ಆಗಿಹೋಗೇತಿ, ಹಿಂದಕ್ಕ ತಗೊಳ್ಳಾಕ ಬರೂದಿಲ್ಲ' ಅಂತ ನೆಲಾ ನೋಡ್ತಾರ. ಮಂತ್ರ ಮುಗದ ಮ್ಯಾಲೂ ನಾ ಜೀವಂತ ಇದ್ದೆ ಅಂಬೂದು ಅವರಿಗೆ ಕಣ್ಣೀಲೆ ಕಾಣಬೇಕು. ಕೊರಳಾಗ ಹಾರ, ಬಾಯಾಗ ಚಾ. ಆಗ ಏನಂತಾರ ನೋಡೂಣು."

ಎದ್ದು ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ಅವರದು ಇರ್ಲಿ, ಇತ್ತಿತ್ತಲಾಗ ನನಗೂ ಖಾತ್ರಿ ಇಲ್ಲೋ ತಮ್ಮಾ."

ಅವಳು ಹೋದ ಮೇಲೆ ಸಾತಲಿಂಗಪ್ಪ ನೆಗೆಟಿವ್ ಹುಡುಕಿದ. ಉಳಿದವನ್ನೆಲ್ಲ ಕಂಪನಿಯವರು ಒಯ್ದಿದ್ದರು. ಪುಣ್ಯಕ್ಕೆ ಇದೊಂದು ಉಳಿದಿತ್ತು. ದೊಡ್ಡದಾಗಿ ಪ್ರಿಂಟ್ ಹಾಕಿದ. ಔಷಧದ ನೀರಿನಲ್ಲಿ ಚಿತ್ರ ಮೂಡುತ್ತಿದ್ದಂತೆ ಅವನು ಬಗ್ಗಿ ನೋಡಿದ. ಗುರುಲಿಂಗಮ್ಮನ ಕಣ್ಣು ಮುಚ್ಚಿದ್ದವು. ನಕ್ಕಾಗ ಮುಚ್ಚಿದ್ದೆಂದು ಅವನಿಗೆ ಗೊತ್ತು. ಆದರೆ ಆ ನಗುವನ್ನು ಬಸಿ ಮರೆಮಾಡಿತ್ತು. ಕಾಣುತ್ತಿದ್ದದ್ದು ಇಷ್ಟೇ: ವಿಭೂತಿ, ಹಾರ, ಕಟ್ಟಿದ ಕೈ, ಮುಚ್ಚಿದ ರೆಪ್ಪೆ. ಪಕ್ಕದಲ್ಲಿ ಕೂದಲು ಕೆದರಿದ ದೆವ್ವವೊಂದು ಬಾಗಿ ಹೆಣದ ಬಾಯಿಗೆ ಏನನ್ನೋ ಬಿಡುತ್ತಿತ್ತು.

ಇದನ್ನು ಹೇಗೆ ಕೊಡುವುದು? ಮುದುಕಿ ಬದುಕಿರುವುದನ್ನು ತೋರಿಸು ಎಂದರೆ ಸತ್ತಿರುವುದನ್ನು ತೋರಿಸಿದಂತಾಗುತ್ತದೆ. ಅವಳ ಮೇಲಿನ ಕನಿಕರದಿಂದಲೇ ಅವನು ಕುಂಚ ತೆಗೆದ. ಅವಳ ನಿಜವಾದ ಕಣ್ಣನ್ನು ನೆನಪು ಮಾಡಿಕೊಂಡ. ಎಡಗಣ್ಣು ಒಂಚೂರು ಸಣ್ಣದು, ಯಾವಾಗಲೂ ಚೇಷ್ಟೆಗೆ ನಿಂತಂತೆ. ನೆನಪೇನೋ ಸರಿಯಾಗಿಯೇ ಇತ್ತು. ಆದರೆ ಎಷ್ಟೋ ವರ್ಷ ಒಂದೇ ಕಣ್ಣು ಬರೆದ ಕೈ ಮನಸ್ಸಿನ ಮಾತು ಕೇಳೀತೆ? ಮುಗಿಸಿ ದೂರ ಹಿಡಿದು ನೋಡಿದಾಗ ಕಣ್ಣು ತೆರೆದಿದ್ದವು, ಹೊಳೆಯುತ್ತಿದ್ದವು. ಅವನಿಗೆ ಅಷ್ಟೇ ಸಾಕೆನಿಸಿತು.

ಮರುದಿನ ಮಧ್ಯಾಹ್ನ ತಾನೇ ಕುರನೂರಿಗೆ ಒಯ್ದ. ಗುರುಲಿಂಗಮ್ಮ ಬಸಯ್ಯನಿಗೆ ಹೇಳಿಕಳಿಸಿ ಕರೆಸಿದಳು, ಸೊಸೆಯನ್ನು ಎದುರಿಗೆ ಕೂಡಿಸಿದಳು. ತಾನು ಮಾತ್ರ ನಿಂತೇ ಇದ್ದಳು. ಕೋರ್ಟಿನಲ್ಲಿ ಗೆಲ್ಲುವ ಖಟ್ಲೆಯವರ ಗತ್ತು ಮುಖದಲ್ಲಿತ್ತು. "ಬಿಚ್ಚು ತಮ್ಮಾ" ಎಂದಳು.

ಸಾತಲಿಂಗಪ್ಪ ಕಾಗದ ಬಿಚ್ಚಿ ಫೋಟೋವನ್ನು ಎತ್ತಿ ಹಿಡಿದ. ಪಾರ್ವತಿಬಾಯಿ ನೋಡಿದಳು. ಆಮೇಲೆ ನಿಧಾನಕ್ಕೆ ತಲೆಯೆತ್ತಿ ಗೋಡೆಯ ಮೇಲಿನ, ತೀರಿಹೋದ ಮಾವನ ಫೋಟೋ ನೋಡಿದಳು.

"ಇವು ಮಾವನೋರ ಕಣ್ಣು" ಎಂದಳು.

"ಮಾವಂದೂ ಅಲ್ಲವಾ, ಸಾತಲಿಂಗಪ್ಪಂದು" ಎಂದ ಬಸಯ್ಯ. "ಚಪಳಗಾಂವದಾಗ ನಮ್ಮಣ್ಣನ ಫೋಟೋಕ್ಕೂ ಇವ ಕಣ್ಣ ಅದಾವ. ಸತ್ತೋರಿಗೆ ಬರಿಯೂ ಕಣ್ಣು."

ಸಾತಲಿಂಗಪ್ಪ ಫೋಟೋವನ್ನು ಕೆಳಗಿಳಿಸಿದ. "ಆಯಿ, ಒರಸಿ ತರ್ತೀನ್ರಿ" ಎಂದು ತೊದಲಿದ.

"ಒರಸಿದ್ರ ಕೆಳಗ ಏನೈತಿ?" ಎಂದಳು ಗುರುಲಿಂಗಮ್ಮ.

ಸುಳ್ಳು ಹೇಳಬೇಕೆಂದುಕೊಂಡ, ಆಗಲಿಲ್ಲ. "ಮುಚ್ಚ್ಯಾವ್ರಿ. ನೀವು ನಗಾಕತ್ತಿದ್ರಿ ಆಯಿ, ನಕ್ಕಾಗ ಮುಚ್ಚಿದ್ವು. ನಾ ಕಣ್ಣಾರೆ ನೋಡೀನಿ."

ನಕ್ಕದ್ದನ್ನು ಅಲ್ಲಿದ್ದವರೆಲ್ಲ ನೋಡಿದ್ದರು. ಆದರೂ ಒಬ್ಬರೂ ಹೌದು ಎನ್ನಲಿಲ್ಲ. ಗುರುಲಿಂಗಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಫೋಟೋವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಮುಖದ ಗತ್ತು ಇಳಿದುಹೋಯಿತು. ಸಾತಲಿಂಗಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳು ಬೈದಿದ್ದರೆ, ಫೋಟೋ ಹರಿದು ಮುಖಕ್ಕೆ ಎಸೆದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಇಲ್ಲೀತನಕ ತಂದೀಯಲ್ಲ, ಒಂದು ಮೊಳಿ ಬಡದು ಹಾಕಿಬಿಡು. ಅವರ ಮಗ್ಗಲಕ" ಎಂದಳು.

ಅವನು ಹಾಕಿದ. ಮೊಳೆ ಎರಡು ಸಲ ಸೊಟ್ಟಗಾಯಿತು. ಬಸಯ್ಯ ಯಾರಿಗೂ ಹೇಳದೆ ಎದ್ದುಹೋದ.

ಊಟದ ಹೊತ್ತು ಮೀರುತ್ತಿತ್ತು. ಗುರುಲಿಂಗಮ್ಮ ಮಣೆ ಎಳೆದುಕೊಂಡು ಕೂತಳು. ಪಾರ್ವತಿಬಾಯಿ ಒಳಗಿನಿಂದ ಬಿಸಿ ರೊಟ್ಟಿ, ಝುಣಕ ಹಾಕಿದ ತಾಟು ತಂದಳು. ತಂದವಳು ಅತ್ತೆಯನ್ನು ದಾಟಿ ಹೋಗಿ, ಹೊಸ ಫೋಟೋದ ಕೆಳಗೆ ತಾಟು ಇಟ್ಟು ಕೈ ಮುಗಿದಳು. ಮುಗಿದ ಮೇಲೆ ಮೈಮೇಲೆ ಎಚ್ಚರ ಬಂತು. ನಾಲಗೆ ಕಚ್ಚಿಕೊಂಡು ತಾಟನ್ನು ಎತ್ತಲು ಬಾಗಿದಳು.

ಗುರುಲಿಂಗಮ್ಮ ಅವಳ ಕೈ ಹಿಡಿದು ತಡೆದಳು.

"ಇರ್ಲಿ ಬಿಡವಾ. ಮೊದ್ಲ ಅಕಿ ಉಣ್ಲಿ."