ತಡವಾಗಿ ಬೀಳುವ ಏಟು

ಕತ್ತಿ ಎತ್ತಿಯಾಗಿತ್ತು. ಇನ್ನು ಅದು ಬೀಳುವುದನ್ನು ತಡಮಾಡಬೇಕಿತ್ತು, ಅಷ್ಟೇ.

ಮೆದೆರ್ ಮೌಸನ್ನು ಎಡಕ್ಕೆ ಎಳೆದ. ಪರದೆಯ ಮೇಲೆ ಕಬ್ಬಿಣದ ಕವಚ ತೊಟ್ಟ ಅವನ ಸಿಪಾಯಿ ತನ್ನ ಏಟಿನಿಂದಲೇ ಮುಖ ತಿರುಗಿಸಿದಂತೆ ಹೊರಳಿದ. ಕತ್ತಿ ಗಾಳಿಯಲ್ಲಿ ಹಿಂದುಳಿಯಿತು. ಎದುರಾಳಿ ಗುರಾಣಿ ಎತ್ತಿದ, ಕಾದ, ಇಳಿಸಿದ. ಇಳಿಸಿದ ಮೇಲೆ ಏಟು ಬಿತ್ತು.

"ಈಗ ಬಂತು ನೋಡು ಕೈಗೆ," ಎಂದ ಎದುರಾಳಿ ಸಾಗಿನ್, ಹೆಡ್‌ಫೋನಿನೊಳಗಿಂದ.

ಸಾಗಿನ್ ಓಶ್ ಊರಿನವನು. ಆನ್‌ಲೈನ್ ಆಟದಲ್ಲಷ್ಟೇ ಪರಿಚಯ, ಮೆದೆರ್ ಅವನ ಮುಖ ಕಂಡವನಲ್ಲ. ಚಳಿಗಾಲವಿಡೀ ಅವನು ಇದೊಂದನ್ನೇ ಕಲಿಸುತ್ತ ಬಂದಿದ್ದ. ಎತ್ತಿದ ಕೂಡಲೇ ಹೊಡೆಯುವವನು ಪುಕ್ಕಲ, ಎದುರಿನವನನ್ನು ಕಾಯಿಸಬೇಕು, ಕಾದು ಕಾದು ಅವನೇ ಸೋಲುತ್ತಾನೆ ಎನ್ನುತ್ತಿದ್ದ. ಬಿಶ್ಕೆಕ್‌ನ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಪಾಠ ಮಾಡುವ ಮೆದೆರನಿಗೆ ಮಾತು ಅರ್ಥವಾಗುತ್ತಿತ್ತು. ಕೈಗೆ ಆಗುತ್ತಿರಲಿಲ್ಲ.

"ಇವತ್ತು ಏನ್ ತಿಂದಿದೀಯೋ, ಹಿಂಗೆ ಆಡ್ತಿದೀಯ?" ಎಂದ ಸಾಗಿನ್.

"ಏನಿಲ್ಲ."

ಬೆಳಿಗ್ಗೆ ಸೋದರಮಾವ ಫೋನು ಮಾಡಿದ್ದ. ರಷ್ಯಾದಲ್ಲಿ ಕಟ್ಟಡದ ಕೆಲಸಕ್ಕಿದ್ದ ಮೆದೆರನ ತಮ್ಮ ತಿಲೆಕ್ ಸಾರುವೆಯಿಂದ ಬಿದ್ದು ಸತ್ತಿದ್ದ. ಹಿರಿಯರನ್ನು ಕೂಡಿಸಿಕೊಂಡು ಮಧ್ಯಾಹ್ನದ ನಮಾಜು ಮುಗಿಸಿ ಬರುತ್ತೇವೆ, ಅಲ್ಲಿಯವರೆಗೆ ನಿನ್ನ ಅಮ್ಮನಿಗೆ ಸುಳಿವು ಸಿಗಕೂಡದು ಎಂದಿದ್ದ ಮಾವ. ಮಗ ಸತ್ತ ಸುದ್ದಿಯನ್ನು ತಾಯಿಗೆ ಒಬ್ಬನೇ ನಿಂತು ಥಟ್ಟನೆ ಹೇಳುವುದು ಅವರ ಜನರಲ್ಲಿ ಕೊಲೆಗೆ ಸಮ.

"ನಾನೇನು ಮಾಡ್ಲಿ ಮಾವ?"

"ದಿನಾ ಏನ್ ಮಾಡ್ತೀಯೋ ಅದನ್ನೇ ಮಾಡು. ಓದಿದೋನು ನೀನು, ಮುಖ ಬಿಗಿಹಿಡಿಯೋಕೆ ಬರುತ್ತೆ."

ರಜೆಯ ದಿನ ಅವನು ಮಾಡುತ್ತಿದ್ದುದು ಇದನ್ನೇ. ಹಾಗಾಗಿ ಆಟಕ್ಕೆ ಕೂತಿದ್ದ. ಚಳಿಗಾಲವಿಡೀ ಒಲಿಯದ ವಿದ್ಯೆ ಇವತ್ತು ತಾನಾಗಿ ಒಲಿಯುತ್ತಿತ್ತು. ಕತ್ತಿ ಎತ್ತಿದರೆ ಹೊಡೆಯಲು ಮನಸ್ಸೇ ಬರುತ್ತಿರಲಿಲ್ಲ. ಸಾಗಿನ್ ಅದನ್ನು ಸಂಯಮ ಎಂದುಕೊಂಡ.

ತಾಯಿ ಬುರುಲ್ ಬಂದು ಮೇಜಿನ ಅಂಚಿಗೆ ಅವರ ವಾಡಿಕೆಯ ಉಪ್ಪು ಹಾಕಿದ ಚಹಾ ಇಟ್ಟಳು. ಮಡಚಿಕೊಂಡಿದ್ದ ಅವನ ಕೊರಳಪಟ್ಟಿಯನ್ನು ಸರಿಮಾಡಿದಳು. ಬೆರಳಿಗೆ ಹಿಟ್ಟು ಮೆತ್ತಿತ್ತು.

"ತಮ್ಮ ಫೋನ್ ಮಾಡಿದ್ನೇನೋ?"

ಕೇಳಿಸಿದ್ದರೂ ಅವನು ಹೆಡ್‌ಫೋನು ಸರಿಸಿ, "ಏನು?" ಎಂದ.

"ತಿಲೆಕ್. ಭಾನುವಾರ ಮಾಡ್ತಿದ್ದ."

"ಕೆಲ್ಸ ಇರುತ್ತಮ್ಮ."

"ಭಾನುವಾರಾನೂ?"

"ಅಲ್ಲೆಲ್ಲ ಹಾಗೇ."

ಅವಳು ಹೋಗಲಿಲ್ಲ. ಪರದೆ ನೋಡುತ್ತ ನಿಂತಳು. ಆ ಎದುರಿನವನು ಯಾಕೆ ಗುರಾಣಿ ಎತ್ತುವುದು, ಇಳಿಸುವುದು ಮಾಡುತ್ತಾನೆ ಎಂದು ಕೇಳಿದಳು. ಏಟು ಯಾವಾಗ ಬೀಳುತ್ತದೆಂದು ಅವನಿಗೆ ತಿಳಿಯುವುದಿಲ್ಲ ಎಂದ ಮೆದೆರ್.

"ಹೊಡೆದುಬಿಡಬಾರ್ದೇನೋ," ಎಂದಳು. "ಪಾಪ, ತೋಳು ಸೋಲಲ್ವಾ ಅವನಿಗೆ?"

ಮೆದೆರ್ ಮೌಸು ಬಿಟ್ಟ. ಅವಳ ಕಡೆ ತಿರುಗಿದ. ಮಾತು ಹಲ್ಲಿನ ತನಕ ಬಂದಿತ್ತು.

"ಅಮ್ಮಾ."

"ಹೂಂ?"

"ಚಹಾಕ್ಕೆ ಉಪ್ಪು ಕಮ್ಮಿ."

ಅವಳು ಬಟ್ಟಲು ಎತ್ತಿಕೊಂಡು ಹೋದಳು. ಎತ್ತಿದ ಏಟನ್ನು ನಡುವೆ ನುಂಗಿ ಬೇರೊಂದನ್ನು ಹೊಡೆಯುವುದು ಮುಂದಿನ ಪಾಠ. ಸಾಗಿನ್ ಅದನ್ನಿನ್ನೂ ಕಲಿಸಿರಲಿಲ್ಲ.

ಸ್ವಲ್ಪ ಹೊತ್ತಿಗೆ ಎಣ್ಣೆ ಕಾದ ವಾಸನೆ ಬಂತು. ಅಡುಗೆಮನೆಯಲ್ಲಿ ಬುರುಲ್ ಹಿಟ್ಟಿನ ತುಂಡುಗಳನ್ನು ಕರಿಯುತ್ತಿದ್ದಳು. ಇಬ್ಬರಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚು. ಬೋಗುಣಿ ತುಂಬಿ ಬಟ್ಟೆಯ ಮೇಲೂ ಹರಡಿತ್ತು.

"ಯಾರು ಬರ್ತಾರೆ?" ಎಂದ ಮೆದೆರ್ ಬಾಗಿಲಲ್ಲಿ.

"ಯಾರಿಲ್ಲ. ಮನೇಲಿ ಎಣ್ಣೆ ವಾಸನೆ ಏಳ್ಲಿ ಅನ್ನಿಸ್ತು."

ನೆಂಟರು ಬರುವಾಗಲೂ ಅವರಲ್ಲಿ ಎಣ್ಣೆ ಕಾಯಿಸುತ್ತಾರೆ. ಸತ್ತವರ ಹೆಸರಿನಲ್ಲೂ ಕಾಯಿಸುತ್ತಾರೆ. ಅವಳು ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. ಅವನ ಕಡೆಗಿದ್ದ ಅವಳ ಬೆನ್ನು ತಡಮಾಡುವ ಪಾಠವನ್ನು ಅವನಿಗಿಂತ ಚೆನ್ನಾಗಿ ಕಲಿತಂತಿತ್ತು.

ಕೊನೆಗೆ ಅವರು ಬಂದರು. ಮಾವ, ಬಿಳಿ ಟೊಪ್ಪಿಗೆಯ ಮುದುಕರು, ಮೇಲಿನ ಮಹಡಿಯ ಹೆಂಗಸರು. ಇಷ್ಟು ಜನ ಒಟ್ಟಿಗೆ ಯಾಕೆ ಎಂದು ಬುರುಲ್ ಕೇಳಲಿಲ್ಲ. ಕೂರಿಸಿದಳು. ಅವರು ಮಂಜಿನ ಮಾತಾಡಿದರು, ಈ ವರ್ಷದ ಕುರಿಮರಿಗಳ ಮಾತಾಡಿದರು. ಎಲ್ಲರ ಕಣ್ಣೂ ಹಾಸಿನ ಮೇಲಿತ್ತು. ಮೆದೆರ್ ಹೊಸ್ತಿಲ ಬಳಿ ನಿಂತ, ಇನ್ನಾದರೂ ತನ್ನ ಕೆಲಸ ಮುಗಿಯಿತು ಎಂದುಕೊಳ್ಳುತ್ತ.

ಎಲ್ಲರಿಗಿಂತ ಹಿರಿಯನು ಗಂಟಲು ಸರಿಮಾಡಿಕೊಂಡು, ಸಾವಿನ ಸುದ್ದಿಗೆ ಅವರಲ್ಲಿ ವಾಡಿಕೆಯಾದ ಸುತ್ತುಮಾತು ಶುರುಮಾಡಿದ.

"ಬುರುಲ್, ತಾಯಿ, ಸಾಕಿದ ಗಿಡುಗ ಕೂಡ ಒಂದೊಂದು ಸಲ ದಾರ ಹರ್ಕೊಂಡು..."

ಬುರುಲ್ ಎಡಗೈಯಲ್ಲಿ ಬಟ್ಟಲು ಹಿಡಿದು ಬಲಗೈಯಲ್ಲಿ ಚಹಾದ ಹೂಜಿ ಬಾಗಿಸಿದ್ದಳು. ಮುದುಕನ ಕಡೆ ನೋಡಲಿಲ್ಲ. ಏಟಿಗೆ ಕಾದವಳಂತೆ ಮೆದೆರನ ಕಡೆ ನೋಡಿದಳು. ಚಹಾ ಹೂಜಿಯ ಮೂತಿಯ ಅಂಚಿಗೆ ಬಂದು, ದುಂಡಗೆ ಉಬ್ಬಿ ನಿಂತಿತ್ತು. ಬೀಳಲಿಲ್ಲ.