ಲಿಮಿಟ್ ಮೇಷ್ಟ್ರ ಹನ್ನೊಂದು ಪುಟ

ಮೊದಲ ವರ್ಷದ ಕ್ಯಾಲ್ಕುಲಸ್ ತರಗತಿಗೆ ಮೇಷ್ಟ್ರು ಬರೆದಿದ್ದ ನಿಯಮಾವಳಿ ಹನ್ನೊಂದು ಪುಟ ಇತ್ತು. ಅದರಲ್ಲಿ ಪಾಠದ ವಿಷಯ ಅರ್ಧ ಪುಟ, ಮಿಕ್ಕಿದ್ದೆಲ್ಲ ಏನೇನು ಮಾಡಕೂಡದು ಎಂಬುದು. ಹುಡುಗರು ಅವರಿಗೆ ಲಿಮಿಟ್ ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ಅದು ಪಾಠದಲ್ಲಿ ಬರುವ ಲಿಮಿಟ್ ಅಲ್ಲ ಅಂತ ಮೇಷ್ಟ್ರಿಗೂ ಗೊತ್ತಿತ್ತು.

ಹಾಗಂತ ಆ ನಿಯಮಗಳೇನು ಆಕಾಶದಿಂದ ಉದುರಿದವಲ್ಲ. ಒಂದೊಂದರ ಹಿಂದೆಯೂ ಒಬ್ಬೊಬ್ಬ ಪುಣ್ಯಾತ್ಮ ಇದ್ದ. ಒಬ್ಬನ ಅಜ್ಜಿ ಒಂದೇ ಸೆಮಿಸ್ಟರಿನಲ್ಲಿ ಮೂರು ಸಲ ತೀರಿಕೊಂಡರು. ಮೂರನೇ ಸಲ ಪಾಪ ಅನ್ನಿಸಿ ಮೇಷ್ಟ್ರು ಮನೆಗೇ ಹೋದರೆ, ಬಾಗಿಲು ತೆಗೆದವರು ಸಾಕ್ಷಾತ್ ಆ ಅಜ್ಜಿ. ಇನ್ನೊಬ್ಬ ಹೋಮ್‌ವರ್ಕನ್ನು ಮೆಟ್ಟಿಲ ಮೇಲೆ ಕೈಗೆ ತುರುಕಿ ಓಡಿದ. ಅದು ಮೇಷ್ಟ್ರ ಅಂಗಿ ಜೇಬಿನಲ್ಲೇ ಉಳಿದು ಒಗೆಯುವ ಯಂತ್ರದಲ್ಲಿ ಹಿಟ್ಟಾಯಿತು. ಮತ್ತೊಬ್ಬಳ ತಂದೆ ಕಚೇರಿಗೆ ಬಂದು ಮಗಳಿಗೆ ಅಂಕ ಕೊಡಿ ಅಂತ ಗಳಗಳನೆ ಅತ್ತು, ಮೇಷ್ಟ್ರ ಕರವಸ್ತ್ರವನ್ನೇ ತೆಗೆದುಕೊಂಡು ಹೋದರು. ಇಂಥವರ ಜೊತೆ ಏಗುವುದು ಅಂದರೆ ಹುಡುಗಾಟವೇ?

ಹಾಗಾಗಿ ನಿಯಮ: ಪೋಷಕರು ಮಕ್ಕಳ ವಿಷಯ ಮಾತಾಡಲು ಕಚೇರಿಗೆ ಬರಕೂಡದು. ಹೋಮ್‌ವರ್ಕನ್ನು ಶುಕ್ರವಾರ ಐದರೊಳಗೆ, ಬಾಗಿಲ ಪಕ್ಕದ ಹಸಿರು ಡಬ್ಬಿಗೆ, ಸ್ವತಃ ಹಾಕತಕ್ಕದ್ದು. ‘ಮನೇಲಿ ಮರೆತೆ’, ‘ಇನ್ನೊಬ್ಬರ ಬ್ಯಾಗಲ್ಲಿದೆ’ ಮುಂತಾದ ಕಥೆಗಳನ್ನು ಕೇಳಲಾಗುವುದಿಲ್ಲ. ಎರಡು ಸಲ ತಪ್ಪಿದವರು ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ. ಮುಂದಿನ ವರ್ಷ ಮತ್ತೆ ಇದೇ ಪಾಠ, ಇದೇ ಮೇಷ್ಟ್ರು. ‘ಅರ್ಥ ಆಗಲಿಲ್ಲ’ ಎಂಬುದು ಪ್ರಶ್ನೆಯಲ್ಲ; ಎಲ್ಲಿ, ಯಾವ ಸಾಲು ಎಂದು ಹೇಳತಕ್ಕದ್ದು.

ಎಲ್ಲಾ ಚೆನ್ನಾಗೇ ನಡೆಯುತ್ತಿತ್ತು. ಈ ವರ್ಷ ಅವರ ಸ್ವಂತ ಮಗಳು ಬಂದು ಎರಡನೇ ಸಾಲಿನ ಬೆಂಚಿನಲ್ಲಿ ಕೂತಳು.

ಬೇಕಂತ ಕೂತದ್ದಲ್ಲ. ಕ್ಯಾಲ್ಕುಲಸ್ಸಿನ ಇನ್ನೊಂದು ತರಗತಿಯ ಹೊತ್ತಿಗೆ ಅವಳಿಗೆ ಕೆಮಿಸ್ಟ್ರಿ ಲ್ಯಾಬ್ ಇತ್ತು. ಮೇಷ್ಟ್ರು ಅವತ್ತೇ ಊಟದ ಮೇಜಿನ ಮುಂದೆ ಗಂಟಲು ಸರಿಮಾಡಿಕೊಂಡರು. ಕಾಲೇಜಿನಲ್ಲಿ ತಾನು ಸರ್, ಮನೆಯಲ್ಲಿ ಅಪ್ಪ. ಮನೆಯಲ್ಲಿ ಗಣಿತದ ಸುದ್ದಿ ಎತ್ತುವಂತಿಲ್ಲ. ನಾಳೆ ಯಾರೂ ಬೆರಳು ತೋರಿಸಬಾರದು. ಅಷ್ಟಕ್ಕೇ ಬಿಡದೆ ಹನ್ನೊಂದನೇ ಪುಟದ ಕೊನೆಗೆ ‘ಅಧ್ಯಾಪಕರ ಬಂಧುಗಳಿದ್ದಲ್ಲಿ ಅವರಿಗೆ ಎಳ್ಳಷ್ಟೂ ರಿಯಾಯಿತಿ ಇಲ್ಲ’ ಎಂದು ಸೇರಿಸಿ ಮೊದಲ ದಿನ ಜೋರಾಗಿ ಓದಿದರು. ಇಡೀ ತರಗತಿ ಎರಡನೇ ಸಾಲಿನ ಕಡೆ ತಿರುಗಿತು. ಮಗಳ ಕಿವಿ ಕೆಂಪಾಯಿತು.

ಮೂರನೇ ವಾರದಲ್ಲಿ ಅವಳು ಲ್ಯಾಬಿನಿಂದ ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ಮೇಷ್ಟ್ರು ಡಬ್ಬಿಗೆ ಬೀಗ ಹಾಕುತ್ತಿದ್ದರು. ಕೈ ನಿಲ್ಲಲಿಲ್ಲ, ಹಾಕಿಯೇ ಹಾಕಿದರು. ಸೊನ್ನೆ. ಇನ್ನೊಂದು ತಪ್ಪಿದರೆ ಪರೀಕ್ಷೆ ಇಲ್ಲ.

“ಇನ್ನೊಂದು ವರ್ಷ ನಿಮ್ಮನ್ನ ಸರ್ ಅನ್ನೋದಾ? ನಾನು ಊರು ಬಿಟ್ಟು ಹೋಗ್ತೀನಿ!” ಅಂತ ಅವಳು ಕಾರಿಡಾರಿನಲ್ಲೇ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿ ಹೋದಳು. ಮೇಷ್ಟ್ರು ಅವಳು ಹೋದ ಕಡೆಗೆ ಎರಡು ಹೆಜ್ಜೆ ಇಟ್ಟರು. ಆದರೆ ನಿಯಮ ಮಾಡಿದವರೇ ಕರಗಿದರೆ ಹೇಗೆ ಎಂದು ಬೀಗದ ಕೈ ಜೇಬಿಗಿಳಿಸಿದರು.

ಅದಾದ ಕೆಲವು ವಾರಕ್ಕೆ ಒಂದು ಶುಕ್ರವಾರ, ಮಗಳು ಲ್ಯಾಬಿಗೆ ಅಂತ ಬೆಳಗ್ಗೆ ಬೇಗ ಓಡಿದಳು. ಹೋಮ್‌ವರ್ಕಿನ ಹಾಳೆಗಳು ಊಟದ ಮೇಜಿನ ಮೇಲೇ ಉಳಿದವು. ಅವಳ ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ವಾರ್ಡಿನಲ್ಲಿ ಯಾರಿಗೆ ಯಾವ ಮಾತ್ರೆ ಅಂತ ನಿದ್ದೆಯಲ್ಲೂ ಹೇಳುವ ಹೆಂಗಸು. ಎರಡು ಸಲ ಯೋಚಿಸುವ ಜಾಯಮಾನವಲ್ಲ. ಹೇಗೂ ಇಬ್ಬರೂ ಹೋಗುವುದು ಒಂದೇ ಕಟ್ಟಡಕ್ಕಲ್ಲವಾ ಅಂತ ಹಾಳೆಗಳನ್ನು ಮಡಚಿ ಗಂಡನ ಬ್ಯಾಗಿನಲ್ಲಿ, ಬುತ್ತಿ ಡಬ್ಬಿಯ ಕೆಳಗೆ ಇಟ್ಟಳು. ಹೇಳೋಣವೆಂದರೆ ಗಂಡ ಸ್ನಾನದ ಮನೆಯಲ್ಲಿ. ಆಮೇಲೆ ಮರೆತೇಹೋಯಿತು.

ಸಂಜೆ ನಾಲ್ಕರ ಮೇಲೆ ಮಗಳು ಮೇಷ್ಟ್ರ ಬಾಗಿಲು ತಟ್ಟಿದಳು.

“ಸರ್, ನನ್ನ ಹೋಮ್‌ವರ್ಕ್ ನಿಮ್ಮ ಬ್ಯಾಗಲ್ಲಿದೆ.”

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಇಪ್ಪತ್ತು ವರ್ಷದಲ್ಲಿ ಎಂತೆಂಥ ನೆಪ ಕೇಳಿದ್ದರು! ನಾಯಿ ತಿಂದಿತ್ತು, ತಮ್ಮ ಹರಿದಿದ್ದ, ಬಸ್ಸಿನ ಕಿಟಕಿಯಿಂದ ಹಾರಿತ್ತು. ಮೇಷ್ಟ್ರ ಬ್ಯಾಗಲ್ಲೇ ಇದೆ ಅನ್ನುವ ಧೈರ್ಯ ಯಾವ ಪುಂಡನಿಗೂ ಬಂದಿರಲಿಲ್ಲ.

“ನಿಯಮ ಓದಿದೀಯಲ್ಲ? ಇನ್ನೊಬ್ಬರ ಬ್ಯಾಗಲ್ಲಿದೆ ಅನ್ನೋ ಕಥೆ ಇಲ್ಲಿ ನಡೆಯಲ್ಲ.”

“ಕಥೆ ಅಲ್ಲ ಸರ್. ಅಮ್ಮ ಇಟ್ಟಿದಾಳಂತೆ, ಈಗಷ್ಟೇ ಫೋನಲ್ಲಿ ಹೇಳಿದ್ಲು. ಒಂದ್ಸಲ ತೆಗೆದು ನೋಡಿ, ನಾನೇ ಡಬ್ಬಿಗೆ ಹಾಕ್ತೀನಿ. ಅಪ್ಪಾ, ಪ್ಲೀಸ್...”

“ಇಲ್ಲಿ ಸರ್.”

ಬ್ಯಾಗು ಅವರ ಕುರ್ಚಿಯ ಪಕ್ಕದಲ್ಲೇ ಇತ್ತು, ಕೈ ಚಾಚಿದರೆ ಸಾಕು. ಚಾಚಲಿಲ್ಲ. ಮಗಳು ಬಾಗಿಲವರೆಗೆ ಹೋಗಿ ತಿರುಗಿದಳು.

“ಕ್ಲಾಸಲ್ಲಿ ಎಲ್ಲರಿಗೂ ಮನೇಲಿ ಕೇಳೋಕೆ ಅಣ್ಣನೋ ಮಾವನೋ ಯಾರಾದ್ರೂ ಇದಾರೆ. ಮನೇಲಿ ಗಣಿತದ ಮೇಷ್ಟ್ರನ್ನೇ ಇಟ್ಕೊಂಡು ನಾನೊಬ್ಬಳೇ ಅನಾಥೆ,” ಅಂದಳು. ಅಂದು ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಹೋದಳು. ಬಡಿದು ಹೋಗಿದ್ದರೆ ಮೇಷ್ಟ್ರಿಗೆ ಎಷ್ಟೋ ವಾಸಿ ಇತ್ತು.

ಐದಕ್ಕೆ ಬೀಗ ಹಾಕಿದರು. ಮನೆಗೆ ಬಂದು, ತೊಳೆಯಲು ಬ್ಯಾಗಿನಿಂದ ಬುತ್ತಿ ಡಬ್ಬಿ ಎತ್ತಿದರೆ ಕೆಳಗೆ, ಮಧ್ಯಾಹ್ನ ಉಣ್ಣುವಾಗ ಕಣ್ಣಿಗೇ ಬೀಳದಿದ್ದ ಹಾಳೆಗಳು. ಮೊದಲ ಪುಟದ ಮೇಲೆ ದುಂಡಗೆ ಎಣ್ಣೆಯ ಕಲೆ, ಪಕ್ಕದಲ್ಲಿ ಮಗಳ ಅಕ್ಷರ. ಮೇಷ್ಟ್ರು ಸಿಂಕಿನ ಮುಂದೆ ಹಾಗೇ ನಿಂತುಬಿಟ್ಟರು. ನಲ್ಲಿ ಸುರಿಯುತ್ತಲೇ ಇತ್ತು.

ಹೇಳಲು ಬಾಯೇ ಬರಲಿಲ್ಲ. ಮನೆಯಲ್ಲಿ ಗಣಿತ ಎತ್ತಬಾರದು ಎಂಬ ನಿಯಮ ಬೇರೆ! ಶನಿವಾರ, ಭಾನುವಾರ ಮಗಳು ರೂಮಿನಿಂದ ಊಟಕ್ಕಷ್ಟೇ ಬಂದಳು. ಮೇಷ್ಟ್ರು ಅವಳ ತಟ್ಟೆಗೆ ಬಡಿಸಿದ್ದೇ ಬಡಿಸಿದ್ದು. ಹೆಂಡತಿ ಎಲ್ಲ ನೋಡುತ್ತಾ ಏನೂ ಆಡಲಿಲ್ಲ. ಆಕೆ ಏನೂ ಆಡದಿದ್ದರೆ ಏನೋ ಕಾದಿದೆ ಅಂತಲೇ ಅರ್ಥ.

ಮಂಗಳವಾರ ಹುಡುಗರ ಸಂದೇಹಕ್ಕೆ ಮೀಸಲಿಟ್ಟ ಹೊತ್ತು. ಕಾರಿಡಾರಿನ ಬೆಂಚಿನ ಮೇಲೆ ಸಾಲಾಗಿ ಕೂತ ಹುಡುಗರ ನಡುವೆ, ನರ್ಸಿನ ಬಿಳಿ ಬಟ್ಟೆಯಲ್ಲೇ, ಹೆಂಡತಿ! ತನ್ನ ಸರದಿ ಬರುವವರೆಗೂ ಕಾದಳು. ಒಳಗೆ ಬಂದವಳು ಬಾಗಿಲು ಮುಚ್ಚಲೂ ಇಲ್ಲ.

“ನಮಸ್ಕಾರ ಸರ್. ನನ್ನ ಮಗಳ ವಿಷಯ ಮಾತಾಡಬೇಕಿತ್ತು.”

“ಏನೇ ಇದು! ಪೋಷಕರು ಇಲ್ಲಿಗೆ ಬರೋ ಹಾಗಿಲ್ಲ, ನಿನಗೆ ಗೊತ್ತಿಲ್ವಾ?” ಮೇಷ್ಟ್ರು ದನಿ ತಗ್ಗಿಸಿದರು.

“ಓಹೋ, ಪೋಷಕರು ಬರೋ ಹಾಗಿಲ್ವಾ?” ಅವಳು ದನಿ ಏರಿಸಿದಳು. “ಹಾಗಾದ್ರೆ ನೀವ್ಯಾಕ್ರೀ ದಿನಾ ಬಂದು ಕೂರ್ತೀರಾ?”

ಕಾರಿಡಾರಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಬೆಂಚಿಗೆ ಬೆಂಚೇ ನಕ್ಕಿತು.

“ಇಟ್ಟೋಳು ನಾನು, ಹೇಳೋಕೆ ಮರೆತೋಳು ನಾನು,” ಅಂದಳು ಹೆಂಡತಿ, ಈಗ ಮೆಲ್ಲಗೆ. “ಬೈಯೋದಿದ್ರೆ ನನ್ನ ಬೈಯ್ರಿ. ಆದ್ರೆ ಅವಳು ಸುಳ್ಳು ಹೇಳ್ತಾಳೆ ಅಂತ ಹೇಗ್ರೀ ಅಂದ್ಕೊಂಡ್ರಿ? ಅವಳು ಮೂರು ಸಲ ಅಜ್ಜಿನ ಸಾಯಿಸಿದವಳಾ?”

ಮೇಷ್ಟ್ರಿಗೆ ಕಣ್ಣು ಮಂಜಾಯಿತು. ಕರವಸ್ತ್ರ ಹುಡುಕಿದರೆ ಸಿಗಲಿಲ್ಲ.

ಮರುದಿನ ತರಗತಿಯಲ್ಲಿ ಅವರು ಸೀಮೆಸುಣ್ಣ ಹಿಡಿಯುವ ಮುಂಚೆ ಮೇಜಿನ ಮುಂದೆ ಬಂದು ನಿಂತರು. “ಶುಕ್ರವಾರ ಒಬ್ಬರ ಹೋಮ್‌ವರ್ಕ್ ಐದಕ್ಕೆ ಮುಂಚೆನೇ ನನ್ನ ಕೋಣೆಯಲ್ಲಿತ್ತು, ನನ್ನ ಬ್ಯಾಗಲ್ಲಿ. ತೆಗೆದು ನೋಡಿ ಅಂತ ಕೇಳಿದ್ರು. ನಾನು ನೋಡಲಿಲ್ಲ, ನೋಡದೆ ನೆಪ ಅಂದೆ. ತಪ್ಪು ನಂದು. ಅದನ್ನ ತಗೊಂಡಿದೀನಿ. ನಾನು ತಿದ್ದಲ್ಲ, ಪಕ್ಕದ ಕೋಣೆಯ ಮೇಡಂ ತಿದ್ದುತಾರೆ. ಯಾರಿಗಾದ್ರೂ ಆಕ್ಷೇಪಣೆ ಇದ್ಯಾ?”

ಹಿಂದಿನ ಬೆಂಚಿನಿಂದ ಒಂದು ಕೈ ಎದ್ದಿತು. “ಸರ್, ಆ ಬ್ಯಾಗಲ್ಲಿ ಇನ್ನೊಂದ್ಸಲ ನೋಡಿ. ನಂದೂ ಇರಬಹುದು.”

ತರಗತಿ ಹೋ ಎಂದಿತು. ಆ ಸೆಮಿಸ್ಟರಿನಲ್ಲಿ ಮೊದಲ ಸಲ ಮೇಷ್ಟ್ರೂ ನಕ್ಕರು. ಎರಡನೇ ಸಾಲಿನಲ್ಲಿ ಮಗಳು ಮಾತ್ರ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದಳು.

ಮೇಡಂ ಹಾಳೆಗಳನ್ನು ತಿದ್ದಿ ನೇರ ಅವಳಿಗೇ ಕೊಟ್ಟರು. ಇಷ್ಟೆಲ್ಲ ರಂಪಾಟ ಆದ ಹೋಮ್‌ವರ್ಕಿಗೆ ಬಂದದ್ದು ಹತ್ತಕ್ಕೆ ನಾಲ್ಕು.

ಆ ಸಂಜೆ ಮೇಷ್ಟ್ರು ಅಡುಗೆಮನೆಯ ಮೇಜಿನ ಮುಂದೆ ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದರು. ಮೇಜಿನ ಮೇಲೆ ಟಕ್ ಟಕ್ ಅಂತ ಯಾರೋ ತಟ್ಟಿದರು. ತಲೆ ಎತ್ತಿದರೆ ಮಗಳು, ಕೈಯಲ್ಲಿ ಎಣ್ಣೆ ಕಲೆಯ ಹಾಳೆ.

“ಸರ್ ಇದಾರಾ?”

“ಅವರು ಹೊರಗೆ ಹೋಗಿದಾರೆ,” ಅಂದರು ಮೇಷ್ಟ್ರು. “ಅಪ್ಪ ಇದಾನೆ. ಆಗುತ್ತಾ?”

ಅವಳು ಕೂತಳು. ಹಾಳೆ ಬಿಡಿಸಿದಳು.

“ಅಪ್ಪಾ, ಅರ್ಥ ಆಗ್ಲಿಲ್ಲ.”

“ಎಲ್ಲಿ? ಯಾವ ಸಾಲು?” ಅಭ್ಯಾಸಬಲದಿಂದ ಬಾಯಿಗೆ ಬಂದೇಬಿಟ್ಟಿತು.

“ಯಾವ ಸಾಲೂ ಅಲ್ಲ. ಮೊದಲಿಂದ, ಏನೂ ಅರ್ಥ ಆಗ್ಲಿಲ್ಲ.”

ಮೇಷ್ಟ್ರು ಬೀನ್ಸಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡರು.

“ಒಳ್ಳೇ ಪ್ರಶ್ನೆ,” ಅಂದರು.